ಷರಾದಲ್ಲಿ ನಾಲ್ಕು ಬೆರಳು

ಸೊಲ್ಲಾಪುರದ ನಮ್ಮ ಬಟ್ಟೆ ಅಂಗಡಿಯ ಕಂಪ್ಯೂಟರಿನಲ್ಲಿ ಸ್ಟಾಕಿನ ಫೈಲುಗಳ ನಡುವೆ ನನ್ನದೂ ಒಂದು ಶೀಟು ಇದೆ. ಐದು ಕಿಲೋಮೀಟರ್ ಓಡಿದ ಪ್ರತಿ ದಿನಕ್ಕೂ ಅದರಲ್ಲಿ ಒಂದು ಸಾಲು: ತಾರೀಖು, ಹಿಡಿದ ಸಮಯ, ಕೊನೆಗೆ ಷರಾ. ಎಲ್ಲಕ್ಕಿಂತ ಕಡಿಮೆ ಸಮಯದ ಚೌಕ ತಾನಾಗಿಯೇ ಹಸಿರಾಗುವಂತೆ ಮಾಡಿಟ್ಟಿದ್ದೇನೆ. ಇಡೀ ಶೀಟಿನಲ್ಲಿ ಹಸಿರು ಒಂದೇ ಕಡೆ. ಹೊಸದು ಹಸಿರಾದರೆ ಹಳೆಯದು ಬೆಳ್ಳಗಾಗುತ್ತದೆ.

ಓಡಲು ಶುರು ಮಾಡಿದ್ದು ನಲವತ್ತೊಂದನೇ ವಯಸ್ಸಿನಲ್ಲಿ. ಆರೋಗ್ಯದ ಕಾಳಜಿ ಎಂದು ಎಲ್ಲರಿಗೂ ಹೇಳಿದ್ದೆ, ನಿಜವಾಗಿ ಸಿಟ್ಟು. ದಿನವಿಡೀ ಅಂಗಡಿಯ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುವುದು, ಮಡಚುವುದು, ಮತ್ತೆ ಬಿಚ್ಚುವುದು. ಸಂಜೆಯ ಹೊತ್ತಿಗೆ ಕಾಲಲ್ಲಿ ಇರುವೆ ಹರಿದಂತಾಗುತ್ತಿತ್ತು. ಒಂದು ಬೆಳಿಗ್ಗೆ ಹೋಟಗಿ ರಸ್ತೆಯಲ್ಲಿ ವಾಕಿಂಗ್ ಹೋದವಳು ಸುಮ್ಮನೆ ಓಡಿಬಿಟ್ಟೆ. ಎರಡು ಕರೆಂಟ್ ಕಂಬ ದಾಟುವಷ್ಟರಲ್ಲಿ ಉಸಿರು ಹತ್ತಿ ನಿಂತೆ. ನಿಂತದ್ದಕ್ಕೂ ಸಿಟ್ಟು ಬಂತು. ನನ್ನ ಸ್ವಭಾವವೇ ಹಾಗೆ, ಕೂತರೂ ಕಿರಿಕಿರಿ, ನಿಂತರೂ ಕಿರಿಕಿರಿ. ನಲವತ್ತೈದು ತುಂಬುವ ಮುಂಚೆ ಐದು ಕಿಲೋಮೀಟರನ್ನು ಮೂವತ್ತು ನಿಮಿಷದ ಒಳಗೆ ಓಡಬೇಕು ಎಂದು ಹಟ ಹಿಡಿದೆ. ಮನೆ, ಅಂಗಡಿ, ಮಕ್ಕಳು ಎಲ್ಲದರಲ್ಲೂ ನನಗೆ ಪಾಲುದಾರರಿದ್ದರು. ಇದೊಂದು ಮಾತ್ರ ಪೂರ್ತಿ ನನ್ನದು.

ಷರಾವನ್ನು ಕನ್ನಡದಲ್ಲಿ ಬರೆಯುತ್ತೇನೆ. ನಾನು ಅಕ್ಕಲಕೋಟದ ಹತ್ತಿರದ ವಾಗದರಿಯ ಹುಡುಗಿ, ಊರಿನ ಕನ್ನಡ ಸಾಲಿಯಲ್ಲಿ ಕಲಿತವಳು. ಗಂಡನ ಮನೆಯಲ್ಲಿ ಎಲ್ಲರ ಬಾಯಲ್ಲೂ ಕನ್ನಡವಿದೆ, ಆದರೆ ಓದುವುದೆಲ್ಲ ಮರಾಠಿ. ಹಾಗಾಗಿ ಆ ಕಾಲಮ್ಮಿನಲ್ಲಿ ಏನು ಬರೆದರೂ ಕೇಳುವವರಿಲ್ಲ. ‘ಬೀಗರು ಬಂದಿದ್ದರು, ನಿದ್ದೆ ಇಲ್ಲ.’ ‘ಅತ್ತೆಯ ಮಾತು ನೆನೆಸಿಕೊಂಡು ಓಡಿದೆ, ಒಳ್ಳೆಯ ಸಮಯ ಬಂತು.’

ಒಂದು ಅಕ್ಟೋಬರಿನ ಕೊನೆಯಲ್ಲಿ ಕಬ್ಬಿನ ಟ್ರಾಕ್ಟರೊಂದು ರಸ್ತೆಗೆ ಅಡ್ಡ ನಿಂತು ನನ್ನನ್ನು ತಡೆಯಿತು. ವಾಚು ತೋರಿಸಿದ್ದು ಮೂವತ್ತು ನಿಮಿಷ ಮೂವತ್ತೆಂಟು ಸೆಕೆಂಡು. ಅಲ್ಲಿಯವರೆಗಿನ ಎಲ್ಲಕ್ಕಿಂತ ಅದೇ ಕಡಿಮೆ, ಹೇಗೂ ಹಸಿರಾಗುತ್ತಿತ್ತು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಟ್ರಾಕ್ಟರಿನ ಮುಂದೆ ನಲವತ್ತು ಸೆಕೆಂಡಾದರೂ ನಿಂತಿದ್ದೆನಲ್ಲ ಅಂದುಕೊಂಡು, ಕೈ ಶೀಟಿನಲ್ಲಿ ಇಪ್ಪತ್ತೊಂಬತ್ತು ಐವತ್ತೆಂಟು ಎಂದು ಒತ್ತಿತು. ನಮ್ಮ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವಾಗ ಅಳತೆಯ ಮೇಲೆ ನಾಲ್ಕು ಬೆರಳು ಹೆಚ್ಚಿಗೆ ಬಿಡುವ ರೂಢಿಯಿದೆ, ಮಾವನ ಕಾಲದಿಂದಲೂ. ನನಗೂ ನಾಲ್ಕು ಬೆರಳು ಬಿಟ್ಟುಕೊಂಡೆ ಅಂದುಕೊಂಡೆ. ಷರಾದಲ್ಲಿ ಬರೆದದ್ದೂ ಅಷ್ಟೇ: ‘ನಾಲ್ಕು ಬೆರಳು.’

ಅಷ್ಟರಲ್ಲಿ ಚಹಾ ಹಿಡಿದು ಗಂಡ ಹಿಂದೆ ಬಂದು ನಿಂತಿದ್ದರು. ಷರಾ ಓದಲು ಬಾರದು, ಅಂಕಿ ಓದಲು ಬರುತ್ತದಲ್ಲ. “ಅರೇ, ಮೂವತ್ತರ ಒಳಗ ಬಂದಿ!” ಎಂದವರೇ ಪೇಢಾ ತರಿಸಿ ಇಡೀ ಓಣಿಯ ಅಂಗಡಿಗಳಿಗೆ ಹಂಚಿದರು. ನಾನು ಹಲ್ಲುನೋವು ಎಂದು ಹೇಳಿ ತಿನ್ನಲಿಲ್ಲ.

ಆಮೇಲೆ ಹದಿನಾಲ್ಕು ತಿಂಗಳು ನಾನು ಓಡಿದ್ದು ಯಾರ ಹಿಂದೆಯೂ ಅಲ್ಲ, ಆ ಅಂಕಿಯ ಹಿಂದೆ. ಸುಳ್ಳನ್ನು ನಿಜ ಮಾಡಿಬಿಟ್ಟರೆ ಮುಗಿಯಿತು, ಯಾರಿಗೂ ಏನೂ ಹೇಳಬೇಕಿಲ್ಲ ಎಂಬ ಲೆಕ್ಕ. ಶೂ ಬದಲಿಸಿದೆ, ರಾತ್ರಿಯ ಅನ್ನ ಬಿಟ್ಟೆ. ಶೀಟು ತೆರೆದಾಗಲೆಲ್ಲ ಆ ಹಸಿರು ಚೌಕವೇ ಮೊದಲು ಕಣ್ಣಿಗೆ ಬೀಳುತ್ತಿತ್ತು. ಮಕ್ಕಳ ಮೇಲೆ ರೇಗುತ್ತಿದ್ದೆ, ಗಿರಾಕಿಗಳ ಮುಂದೆ ಸೀರೆಯನ್ನು ಮಡಚುವ ಬದಲು ಮುದ್ದೆ ಮಾಡುತ್ತಿದ್ದೆ. ನನಗೆ ನಾನೇ ಬೇಡವಾಗಿದ್ದೆ.

ಹೋದ ವರ್ಷ ಎಳ್ಳಮಾವಾಸ್ಯೆಗೆ ತವರಿಗೆ ಹೋದೆ. ನಲವತ್ತೈದು ತುಂಬಲು ಮೂರು ತಿಂಗಳಿತ್ತು. ಹಬ್ಬದ ಮರುದಿನ ಬೆಳಿಗ್ಗೆ ಶೂ ಕಟ್ಟುವುದನ್ನು ನೋಡಿ ಅಪ್ಪ ತಾನೂ ಬರುತ್ತೇನೆಂದು ಮೋಟರ್‌ಸೈಕಲ್ ಗಾಡಿ ತೆಗೆದ. ಎಪ್ಪತ್ತರ ಮೇಲಿನ ಮನುಷ್ಯ, ಮಂಕಿಟೋಪಿ ಹಾಕಿಕೊಂಡು, ನಾಯಿ ಓಡಿಸಲಿಕ್ಕೆಂದು ಕೈಯಲ್ಲಿ ಜೋಳದ ದಂಟು ಹಿಡಿದು ಮುಂದೆ ಮುಂದೆ ಗಾಡಿ ಹೊಡೆದ. ಅಕ್ಕಲಕೋಟದ ಕಡೆಗೆ ಎರಡೂವರೆ ಕಿಲೋಮೀಟರ್ ಹೋಗಿ, ತಿರುಗಿ ಬಂದೆವು. ಎರಡೂ ಕಡೆ ಜೋಳ ತೆನೆ ಹಿಡಿದು ನಿಂತಿತ್ತು. ಥಂಡಿ ಗಾಳಿ ಬೆನ್ನ ಹಿಂದಿತ್ತೋ ಅಪ್ಪ ಮುಂದಿದ್ದನೋ, ಕಾಲು ತಮ್ಮಷ್ಟಕ್ಕೆ ಹೋದವು. ವಾಚು ನೋಡಿದೆ. ಮೂವತ್ತು ನಿಮಿಷ ಹನ್ನೊಂದು ಸೆಕೆಂಡು. ಜೀವಮಾನದಲ್ಲಿ ನಾನು ಅಷ್ಟು ಬೇಗ ಓಡಿರಲಿಲ್ಲ.

ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತು ಫೋನಿನಲ್ಲೂ ಸಿಗುವ ಅದೇ ಶೀಟು ತೆರೆದು ತುಂಬಿದೆ. ಚೌಕ ಬೆಳ್ಳಗೇ ಉಳಿಯಿತು. ಹಸಿರಿನ ವಿಷಯವನ್ನು ಹಿಂದಿನ ದಿನವಷ್ಟೇ ಅಪ್ಪನಿಗೆ ಹೇಳಿದ್ದೆ. ಬಗ್ಗಿ ನೋಡಿದ.

“ಹಸಿರ ಆಗಲಿಲ್ಲೇನು?”

“ಇಲ್ಲ.”

“ನಂದ ತಪ್ಪಾತು ಬಿಡವಾ. ಮುಂದ ಗಾಡಿ ಹೊಡದ್ನಿ, ಹೊಗಿ ಎಲ್ಲಾ ನಿನ್ನ ಮಾರಿಗಿ ಬಂತು. ಇನ್ನೊಮ್ಮಿ ನಾ ಬರಂಗಿಲ್ಲ.”

ಅವನ ಮುಖ ಸಣ್ಣದಾಗಿತ್ತು. ಅಪ್ಪ ಫೋನು ಇಸಿದುಕೊಂಡು ಷರಾಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದ. ಅದನ್ನು ಓದಬಲ್ಲ ಒಬ್ಬ ಮನುಷ್ಯ ಇದ್ದಾನೆಂಬುದು ನನಗೆ ಹೊಳೆದೇ ಇರಲಿಲ್ಲ. “ನಾಯಿ ಬೆನ್ನು ಹತ್ತಿತು. ಉಪವಾಸ. ಮೊಣಕಾಲು. ಸುಮ್ಮನೆ ಸಿಟ್ಟು.” ಅಲ್ಲಿ ನಕ್ಕ. ಆಮೇಲೆ ಹಸಿರಿನ ಸಾಲಿಗೆ ಬಂದ.

“ನಾಲ್ಕು ಬೆರಳು. ಇದೇನು?”

ಹೇಳಿದೆ. ಟ್ರಾಕ್ಟರು, ಮೂವತ್ತೆಂಟು ಸೆಕೆಂಡು, ಅಂಗಡಿಯ ರೂಢಿ, ಓಣಿಗೆ ಹಂಚಿದ ಪೇಢಾ, ಎಲ್ಲ. ಅಪ್ಪ ದಂಟಿನ ಸಿಪ್ಪೆ ಸುಲಿಯುತ್ತ ಕೇಳಿದ.

“ಅವರು ಗಿರಾಕಿಗಿ ಕೊಡತಾರ. ನೀ ಯಾರಿಗಿ ಕೊಟ್ಟಿ?”

ನನಗೆ ಅಳು ಬಂತು. ನಾಚಿಕೆಯ ಅಳು. ಫೋನು ತೆಗೆದುಕೊಂಡು ಆ ಚೌಕದಲ್ಲಿ ಮೂವತ್ತು ಮೂವತ್ತೆಂಟು ಎಂದು ಒತ್ತಿದೆ. ನೆನಪಿಸಿಕೊಳ್ಳಬೇಕಾಗಲೇ ಇಲ್ಲ, ಹದಿನಾಲ್ಕು ತಿಂಗಳು ಆ ಅಂಕಿ ನಾಲಿಗೆಯ ಮೇಲೇ ಇತ್ತು. ಹಸಿರು ಅಲ್ಲಿಂದ ಹೋಗಿ ಕೆಳಗೆ ಇವತ್ತಿನ ಸಾಲಿಗೆ ಬಂದು ಕೂತಿತು. ನಡುವಿನ ಸಾಲುಗಳನ್ನು ನೋಡಿದೆ. ಮೂವತ್ತು ಇಪ್ಪತ್ತೊಂಬತ್ತು ಒಂದು ದಿನ, ಮೂವತ್ತು ಇಪ್ಪತ್ತು ಇನ್ನೊಂದು ದಿನ. ಆ ಎರಡು ದಿನವೂ ಹಸಿರಾಗಬೇಕಿತ್ತು. ನಾನು ಷರಾದಲ್ಲಿ ಒಮ್ಮೆ ‘ಛೀ’ ಎಂದೂ ಒಮ್ಮೆ ‘ಮತ್ತೆ ಇಲ್ಲ’ ಎಂದೂ ಬರೆದಿದ್ದೆ.

“ಅಂದ್ರ ನನ್ನ ಗಾಡಿ ಹೊಗಿದು ಏನೂ ತಪ್ಪಿಲ್ಲ,” ಎಂದ ಅಪ್ಪ. ಸುಲಿದ ದಂಟನ್ನು ಮುರಿದು, “ಆವಾಗ ಪೇಢಾ ಹಂಚಿದ್ರಿ. ನನಗ ಮುಟ್ಟಲಿಲ್ಲ.”

ಮಧ್ಯಾಹ್ನ ಗಾಡಿಯಲ್ಲಿ ಅಕ್ಕಲಕೋಟಕ್ಕೆ ಹೋಗಿ ಪೇಢಾ ತೆಗೆದುಕೊಂಡೆವು. ಅಪ್ಪ ಸ್ಟ್ಯಾಂಡಿನಲ್ಲೇ ಎರಡು ತಿಂದು, ಉಳಿದ ಡಬ್ಬಿಯನ್ನು ನನ್ನ ಕೈಗಿಟ್ಟು ಸೊಲ್ಲಾಪುರದ ಕೆಂಪು ಬಸ್ಸಿಗೆ ಹತ್ತಿಸಿದ. ದಾರಿಯುದ್ದಕ್ಕೂ ಡಬ್ಬಿ ತೊಡೆಯ ಮೇಲಿತ್ತು. ಗಂಡನಿಗೆ ಹೇಳುವ ಮಾತನ್ನು ಹತ್ತು ಸಲ ಜೋಡಿಸಿ ಹತ್ತು ಸಲ ಕೆಡಿಸಿದೆ. ಒಮ್ಮೆ ಡಬ್ಬಿಯನ್ನು ಸೀಟಿನಲ್ಲೇ ಬಿಟ್ಟು ಇಳಿದುಬಿಡಲೇ ಅನ್ನಿಸಿತು.

ಅಂಗಡಿಯಲ್ಲಿ ಅವರು ಲುಂಗಿಯ ಬಟ್ಟೆ ಕತ್ತರಿಸುತ್ತಿದ್ದರು. ಡಬ್ಬಿ ನೋಡಿ ಕೇಳಿದರು, “ಯಾಕ, ಮತ್ತ ಜೋರ ಓಡಿ ಬಂದೇನು?”

“ಮೂವತ್ತು ನಿಮಿಷ ಹನ್ನೊಂದು ಸೆಕೆಂಡು.”

ಕತ್ತರಿ ನಿಂತಿತು. “ಹೋದಸಲದ್ದು ಇಪ್ಪತ್ತೊಂಬತ್ತಿತ್ತಲ್ಲ?”

“ಇರಲಿಲ್ಲ,” ಅಂದೆ.

ಅವರು ನನ್ನನ್ನು ನೋಡಿದರು, ಡಬ್ಬಿಯನ್ನು ನೋಡಿದರು. ಅಳತೆಯ ಮೇಲೆ ನಾಲ್ಕು ಬೆರಳು ಬಿಟ್ಟು, ಬಟ್ಟೆ ಕತ್ತರಿಸಿ, ಮಡಚಿ ಗಿರಾಕಿಗೆ ಕೊಟ್ಟರು. ಗಿರಾಕಿ ಮೆಟ್ಟಿಲು ಇಳಿದ ಮೇಲೆ ಕೇಳಿದರು, “ಹಲ್ಲುನೋವು ಅಂದಿದ್ದೂ ಸುಳ್ಳೇನು?”

“ಅದೂ ಸುಳ್ಳು.”

ಒಂದು ಪೇಢಾ ತೆಗೆದು ನನ್ನ ಕಡೆ ಚಾಚಿದರು. ತಿಂದೆ.