ಕೆಂಪು ಬಾರದ ಬ್ಯಾನರ್

ಗೆಳೆಯರೇ, ಇವತ್ತು ಗಾಂಧಿ ಬಜಾರಿನ ನಮ್ಮ ಫ್ಲೆಕ್ಸ್ ಅಂಗಡಿಯಲ್ಲಿ ನಡೆದದ್ದು ಇನ್ನೂ ಮನಸ್ಸಿನಿಂದ ಹೋಗುತ್ತಿಲ್ಲ.

ಬೆಳಿಗ್ಗೆ ಭದ್ರಾವತಿ ನ್ಯೂ ಟೌನಿನಿಂದ ಒಬ್ಬ ಹೆಣ್ಣುಮಗಳು ಬಂದರು. ಮಧ್ಯಾಹ್ನ ಅವರ ತಂದೆಯ ಶಿವಗಣಾರಾಧನೆ. ಫೋಟೊ ಹಾಕಿದ ಶ್ರದ್ಧಾಂಜಲಿ ಬ್ಯಾನರ್ ಬೇಕಿತ್ತು. ದಿನಾ ಅಂಗಡಿ ತೆರೆದ ಕೂಡಲೇ ಪ್ರಿಂಟರಿನ ಇಂಕ್ ಚಿಮ್ಮುವ ಹೆಡ್ ಕ್ಲೀನ್ ಮಾಡಿ, ಒಂದು ಫ್ಲೆಕ್ಸ್ ತುಂಡಿನ ಮೇಲೆ ಬಣ್ಣ ಪರೀಕ್ಷಿಸಬೇಕು. ಅವರು ಅವಸರದಲ್ಲಿದ್ದಾರೆಂದು ಅದನ್ನು ಬಿಟ್ಟು ನೇರವಾಗಿ ಪ್ರಿಂಟ್ ಕೊಟ್ಟೆ. ಕೆಂಪು ಇಂಕ್ ಹೆಡ್ಡಿನಲ್ಲಿ ಒಣಗಿ ಕಟ್ಟಿಕೊಂಡಿತ್ತು. ತಂದೆಯ ಮುಖ ಹಸಿರು ಹಸಿರಾಗಿ ಹೊರಬಂತು.

ಬೈಯುತ್ತಾರೆ ಎಂದುಕೊಂಡೆ. ಅವರು ಬ್ಯಾನರ್ ನೋಡಿ, "ಆಸ್ಪತ್ರೇಲಿ ಕೊನೆಗೆ ಹಿಂಗೇ ಆಗಿದ್ರು ಅಣ್ಣ. ಜನ ಅದನ್ನ ಮರೀಲಿ ಅಂತಾನೇ ಹಳೇ ಫೋಟೊ ಹುಡುಕಿ ಕೊಟ್ಟಿದ್ದೆ. ಕಾರ್ಖಾನೇಲಿ ಕುಲುಮೆ ಮುಂದೆ ನಿಂತು ಕೆಂಪಗಾಗಿದ್ದ ಮುಖ ಅದು" ಎಂದರು.

ಹೆಡ್ ಸರಿಮಾಡಲು ಹೊತ್ತು ಬೇಕು, ಅವರಿಗೆ ಹೊತ್ತಿರಲಿಲ್ಲ. ಎದುರು ಸಾಲಿನ ಫ್ಲೆಕ್ಸ್ ಅಂಗಡಿಯವನೊಂದಿಗೆ ನಾನು ಮಾತು ಬಿಟ್ಟು ವರ್ಷಗಳಾಗಿವೆ. ಪೆನ್‌ಡ್ರೈವ್ ಹಿಡಿದು ಆಕೆಯನ್ನೂ ಕರೆದುಕೊಂಡು ಅವನ ಬಳಿಗೇ ಹೋದೆ. "ಕೂತ್ಕೊ ಮಾರಾಯ, ಮಾಡಿಕೊಡ್ತೀನಿ" ಎಂದ. ಅವನ ಪ್ರಿಂಟರಿನಲ್ಲಿ ತಂದೆಯ ಮುಖಕ್ಕೆ ಬಣ್ಣ ಬಂತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬ್ಯಾನರ್ ಸುತ್ತಿ ಕೊಡುತ್ತಾ, ತಪ್ಪಾಯಿತು ಎಂದೆ. ಆಕೆ ನನ್ನನ್ನೇ ಸಮಾಧಾನ ಮಾಡುವಂತೆ, "ಬೇಜಾರ್ ಮಾಡ್ಕೋಬೇಡಿ ಅಣ್ಣ, ಮುಂದಿನ ಸಲ ನಿಮ್ಮ ಹತ್ರಾನೇ ಮಾಡಿಸ್ತೀವಿ" ಎಂದರು.

ಶ್ರದ್ಧಾಂಜಲಿ ಬ್ಯಾನರಿಗೆ ಮುಂದಿನ ಸಲ! ಅಂಥದ್ದು ಬಾರದಿರಲಿ ತಾಯಿ ಎನ್ನಬೇಕಿತ್ತು. ವ್ಯಾಪಾರಕ್ಕೆ ಪಳಗಿದ ಬಾಯಿ, "ಖಂಡಿತ ಬನ್ನಿ" ಎಂದುಬಿಟ್ಟಿತು.