ಬೇಳೆ ಕುದಿಯದ ಮನೆ

ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಹೆಸರು ಹಚ್ಚಿದೆ. ಜಮಖಂಡಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದೆ, ಬಡ್ತಿಗೆ ಅದು ಬೇಕಿತ್ತು. ಜ್ಞಾನದ ಆಸೆಯಿಂದ ಹಚ್ಚಿದೆ ಅಂದರೆ ಯಾರೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ.

ಆ ವರ್ಷಗಳಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಏನಾದರೊಂದು ಶೋಧಿಸುತ್ತಿದ್ದರು. ಪ್ರಾಣಿಶಾಸ್ತ್ರದವರು ತಿಮ್ಮಾಪುರಕ್ಕೆ ಹೋಗಿ ಬೇಟೆನಾಯಿಗಳ ಎದೆಬಡಿತ ಕೇಳಿ ಬರುತ್ತಿದ್ದರು. ಅರ್ಥಶಾಸ್ತ್ರದವರಿಗೆ ಮುಧೋಳದ ಕಬ್ಬು ಬಿಟ್ಟರೆ ಬೇರೆ ಲೋಕವಿರಲಿಲ್ಲ. ಇತಿಹಾಸದವರು ತೇರದಾಳದ ಬಸದಿಯ ಕಲ್ಲುಗಳ ಮೇಲೆ ಸುಣ್ಣದ ಕೆಳಗೆ ಸಿಕ್ಕಿಕೊಂಡ ಅಕ್ಷರ ಹುಡುಕುತ್ತಿದ್ದರು. ಊಟದ ಡಬ್ಬಿ ಬಿಚ್ಚಿ ಕೂತಾಗ ಒಬ್ಬರು ಹೇಳುವುದು ಇನ್ನೊಬ್ಬರಿಗೆ ಬೇಕಿರಲಿಲ್ಲ. ಹ್ಞೂಂ ಅನ್ನುತ್ತ ಚಟ್ನಿ ಬಡಿಸಿಕೊಳ್ಳುತ್ತಿದ್ದೆವು.

ಕೃಷ್ಣೆಯ ಹಿನ್ನೀರಿನಲ್ಲಿ ಊರು ಮುಳುಗಿದ ಮೇಲೆ ಬೀಳಗಿ ಕಡೆಯ ಪುನರ್ವಸತಿ ಊರುಗಳಿಗೆ ಬಂದ ಕೂಡುಕುಟುಂಬಗಳು ಯಾಕೆ ಒಡೆದವು ಎಂಬುದು ನನ್ನ ವಿಷಯ. ಬಿಸಿಲಿನಲ್ಲಿ ಮನೆಯಿಂದ ಮನೆಗೆ ತಿರುಗಿ ಅದೇ ಪ್ರಶ್ನೆ ಕೇಳಿ ಕೇಳಿ ನನ್ನ ದನಿ ನನಗೇ ಬೇಸರವಾಗಿತ್ತು. ಜನರಿಗೂ ಸಾಕಾಗಿತ್ತು. ಅವರ ಅಂಗಳಕ್ಕೆ ನನಗಿಂತ ಮೊದಲೇ ಎಷ್ಟೋ ಜನ ಬಂದು ಏನೇನೋ ಕೇಳಿ ಹೋಗಿದ್ದರು.

ನಮ್ಮ ರಸಾಯನಶಾಸ್ತ್ರದ ಸರ್ ಅದೇ ಊರುಗಳ ಬಾವಿ, ಬೋರಿನ ನೀರು ಪರೀಕ್ಷೆ ಮಾಡುತ್ತಿದ್ದರು. ನಿವೃತ್ತಿಗೆ ಹತ್ತಿರ ಬಂದವರು, ಮೊಣಕಾಲು ನೋವು. ಅವರ ಹತ್ತಿರ ಹಳೆಯ ಕಾರಿತ್ತು, ನನಗೆ ಮನೆಗಳ ಪರಿಚಯವಿತ್ತು. ಹೀಗಾಗಿ ಭಾನುವಾರಗಳಲ್ಲಿ ಇಬ್ಬರೂ ಕೂಡಿ ಹೊರಡತೊಡಗಿದೆವು. ಅವರು ನೀರು ತುಂಬಿಸುವಾಗ ನಾನು ಕಾರಿನಲ್ಲಿ ಕೂತು ಬೇಸತ್ತೆ, ನಾನು ಮಾತಾಡುವಾಗ ಅವರು ಕಟ್ಟೆಯ ಮೇಲೆ ಕೂತು ಬೇಸತ್ತರು.

“ಮೇಡಂ, ಅದನ್ನಽ ಮತ್ತ ಕೇಳಾಕತ್ತೀರಲ್ಲರಿ,” ಎಂದರು ಒಮ್ಮೆ.

“ನೀವೂ ಅದಽ ನೀರು ತುಂಬಾಕತ್ತೀರಲ್ಲ ಸರ್,” ಎಂದೆ. ಅವರು ನಗಲಿಲ್ಲ. ಇಬ್ಬರಿಗೂ ನಗುವಷ್ಟು ತ್ರಾಣವಿರಲಿಲ್ಲ.

ಅಂಥ ಒಂದು ಊರಿನಲ್ಲಿ ಕುರಿ ಸಾಕುವ ಮನೆಯೊಂದಿತ್ತು. ಯಜಮಾನಿಗೆ ಅರವತ್ತರ ಮೇಲೆ ವಯಸ್ಸು. ಬೀರೇಶ್ವರನ ಭಂಡಾರದ ಅರಿಸಿನ ಹಚ್ಚಿದ ಹಣೆ, ಎತ್ತರದ ದನಿ. ಕಿರಿಯ ಮಗ, ಸೊಸೆಯ ಜೊತೆ ಇದ್ದಳು. ಹಿರಿಯ ಮಗ ಹೆಂಡತಿಯನ್ನು ಕರೆದುಕೊಂಡು ಬನಹಟ್ಟಿಗೆ ಹೋಗಿ ಪವರ್‌ಲೂಮಿಗೆ ಸೇರಿ ಬಹಳ ವರ್ಷವಾಗಿತ್ತು. ಯಾಕೆ ಬೇರೆಯಾದರು ಎಂದು ನಾನು ಹಿಂದೆ ಕೇಳಿದಾಗ, “ಹೊಂದಿಕಿ ಆಗಲಿಲ್ಲರಿ ಅಕ್ಕಾರ,” ಎಂದಷ್ಟೇ ಹೇಳಿದ್ದಳು. ಮುಳುಗಡೆ ಪರಿಹಾರದ ಪಾಲಿಗಾಗಿ ಜಗಳವಾಗಿರಬೇಕು ಎಂದು ನಾನೇ ತಿಳಿದುಕೊಂಡಿದ್ದೆ. ಬೇರೆ ಮನೆಗಳಲ್ಲಿ ಹಾಗೇ ಆಗಿತ್ತು.

ಆ ಭಾನುವಾರ ಸರ್ ಅವಳ ಮನೆಯ ಮುಂದಿನ ಬೋರಿನಿಂದ ನೀರು ಹಿಡಿದು ಕಟ್ಟೆಯ ಮೇಲೆಯೇ ಪರೀಕ್ಷೆಗೆ ಕೂತರು. ಸಣ್ಣ ಗಾಜಿನ ಪಾತ್ರೆಯ ನೀರಿಗೆ ಪುಡಿ ಹಾಕಿದರು, ಕೆಂಪಾಯಿತು. ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋದರು. ಬಣ್ಣ ನೀಲಿಗೆ ತಿರುಗಬೇಕಿತ್ತು, ತಿರುಗಲೇ ಒಲ್ಲದು. ಮುದುಕಿ ಪಕ್ಕದಲ್ಲಿ ಬಂದು ಕೂತಳು.

“ಏನ್ ಐತ್ರಿ ಅದರಾಗ?”

“ಗಡಸು ನೀರವ್ವಾ. ಸುಣ್ಣದಂಥಾದ್ದು ಭಾಳ ಐತಿ.”

“ಅದಕ್ಕಽ ನೋಡ್ರಿ, ಅರಬಿ ಒಗದರ ಬುರುಗಽ ಬರೂದಿಲ್ಲ. ಕೊಡದಾಗ ಬೆಳ್ಳಗ ಕಟ್ಟತೈತಿ.”

“ಹೌದು. ಇದರಾಗ ಬ್ಯಾಳೀನೂ ಕುದಿಯೂದಿಲ್ಲ.” ಸರ್ ಗಾಜಿನಿಂದ ಕಣ್ಣೆತ್ತದೆ ಹೇಳಿದರು.

ಮುದುಕಿ ಗಾಜಿನ ಪಾತ್ರೆಯತ್ತ ಬಗ್ಗಿದಳು. “ಬ್ಯಾಳಿ ಕುದಿಯೂದಿಲ್ಲಂದ್ರ... ಯಾರು ಇಟ್ಟರೂನು?” ಎಂದಳು.

“ಯಾರು ಇಟ್ಟರೂ ಅಷ್ಟಽ. ಕಟಗಿ ಸುಡತೈತಿ, ಬ್ಯಾಳಿ ಹಂಗಽ ಇರತೈತಿ.”

ಆಗ ಅವಳು ನನ್ನ ಕಡೆ ತಿರುಗಿದಳು. ನಾನು ಅಷ್ಟು ಸಲ ಕೇಳಿದರೂ ಬರದ ಮಾತು ಆಗ ಬಂತು. ಹಳೆಯ ಊರಲ್ಲಿ ಹೊಳೆಯ ನೀರಿನಲ್ಲಿ ಅಡುಗೆ. ಬೇಳೆ ಒಲೆಗೆ ಇಟ್ಟು ಕುರಿಗೆ ಮೇವು ಹಾಕಿ ಬರುವಷ್ಟರಲ್ಲಿ ಬೆಣ್ಣೆಯಾಗಿರುತ್ತಿತ್ತು. ಹೊಸ ಊರಿಗೆ ಬಂದದ್ದು, ಹಿರಿಯ ಸೊಸೆ ಮನೆಗೆ ಬಂದದ್ದು ಒಂದೇ ವರ್ಷ. ಸೊಸೆ ಇಟ್ಟ ಬೇಳೆ ಕುದಿಯುತ್ತಿರಲಿಲ್ಲ. ಅವಳು ಸೋಡಾ ಹಾಕಿದಳು, ಸಾರು ಕೆಟ್ಟು ಹೋಯಿತು. ಕುರಿ ಕಾಯ್ದು ಬಂದ ಗಂಡಸರು ತಾಟು ಸರಿಸಿ ಎದ್ದು ಹೋದರು. ‘ಕೈಗುಣ ಇಲ್ಲ’ ಎಂದಳು ಅತ್ತೆ. ತವರಿಗೂ ಹೇಳಿ ಕಳಿಸಿದಳು, ಓಣಿಗೂ ಹೇಳಿದಳು. ಕಡೆಗೆ ಒಂದು ದಿನ ಸಾರಿನ ಬೋಗುಣಿಯನ್ನೇ ಅಂಗಳಕ್ಕೆ ಒಗೆದಳು, ಅದೇ ವಾರ ಮಗ ಸೊಸೆ ಗಂಟು ಕಟ್ಟಿದರು.

“ನೀವು ಇಟ್ಟಾಗರೆ ಕುದೀತಿತ್ತೇನವ್ವಾ?” ಎಂದು ಕೇಳಿದೆ.

“ಸೊಸಿ ಬಂದ ಮ್ಯಾಲ ನಾ ಎಲ್ಲಿ ಒಲಿ ಮುಂದ ಕುಂತೇನ್ರಿ,” ಎಂದಳು.

ಒಳಗಿನಿಂದ ಕಿರಿಯ ಸೊಸೆ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಹಿರಿಯಳು ಹೋದ ಬೆನ್ನಿಗೇ ಅವಳು ಈ ಮನೆಗೆ ಬಂದಿದ್ದಳು, ಆ ವರ್ಷವೇ ಊರಿಗೆ ಶುದ್ಧ ನೀರಿನ ಘಟಕ ಬಂದಿತ್ತು, ಅಡುಗೆಗೆಲ್ಲ ಆ ಕ್ಯಾನಿನ ನೀರು. ಅವಳ ಬೇಳೆ ಕುದಿಯಿತು, ಹೂವಿನಂತೆ. ಇಷ್ಟು ವರ್ಷ ಅವಳ ಕೈಗುಣವನ್ನು ಅತ್ತೆ ಬಂದವರ ಮುಂದೆಲ್ಲ ಹೊಗಳುತ್ತಿದ್ದಳು. ಪ್ರತಿಸಲ ಕೇಳದೆಯೇ ಚಹಾ ತರುತ್ತಿದ್ದ ಅವಳು ಅಂದು ಹೊರಗೆ ಬರಲಿಲ್ಲ. ನಾವು ಹೊರಡುವಾಗ ಬಾಗಿಲಿಗೆ ಬಂದು, “ಎಲ್ಲಾ ನೀರಽ ಮಾಡತೈತಂದ್ರ ನಾವ್ಯಾಕ ಅಡಗಿ ಮಾಡೂದ್ರಿ?” ಎಂದು ಸರ್ ಕಡೆ ನೋಡಿ ಹೇಳಿದಳು. ಸರ್ ಬಾಟಲಿಗಳನ್ನು ಚೀಲಕ್ಕೆ ಹಾಕುತ್ತ ತಲೆ ತಗ್ಗಿಸಿದರು.

ಕಾರು ಹೊರಟಿತು. ಎರಡೂ ಕಡೆ ಕಬ್ಬು, ಎದುರಿಗೆ ಟ್ರ್ಯಾಕ್ಟರುಗಳ ಸಾಲು. “ನಾ ನೀರಿನ ಸುದ್ದಿ ಅಷ್ಟಽ ಹೇಳಿದ್ನಿರಿ ಮೇಡಂ,” ಎಂದರು ಸರ್. “ನೀವು ತಪ್ಪೇನು ಹೇಳಿಲ್ಲ ಸರ್,” ಎಂದೆ. ಆದರೂ ಯಾರದೋ ಮನೆಯಲ್ಲಿ ಏನೋ ಸರಿಸಿಟ್ಟು ಬಂದ ಹಾಗಿತ್ತು.

ಮುಂದಿನ ತಿಂಗಳು ಬನಹಟ್ಟಿಗೆ ಹೋದೆ. ಊರು ಬಿಟ್ಟು ಬಂದವರನ್ನೂ ಮಾತಾಡಿಸುವುದು ನನ್ನ ಕೆಲಸದಲ್ಲೇ ಇತ್ತು. ಹಿರಿಯ ಸೊಸೆ ಮಗ್ಗದ ಓಣಿಯಲ್ಲಿ ಬಾಡಿಗೆ ಮನೆಯಲ್ಲಿದ್ದಳು. ಗೋಡೆಯಾಚೆ ಲೂಮುಗಳು ಬಡಿಯುತ್ತಿದ್ದವು, ಕೂಗಿಯೇ ಮಾತಾಡಬೇಕು. ಅವಳು ನೂಲು ಸುತ್ತುತ್ತ ಕೂತಿದ್ದಳು. ಬೋರಿನ ನೀರಿನ ಸಂಗತಿ ಕೂಗಿ ಹೇಳಿದೆ. ಇಂಥ ಮಾತನ್ನು ಕೂಗಿ ಹೇಳಬೇಕಾಗಿ ಬಂದದ್ದು ನನಗೇ ಹೇಗೋ ಅನಿಸಿತು.

ಅವಳು ಕೈ ನಿಲ್ಲಿಸಲಿಲ್ಲ.

“ಇಷ್ಟ ವರ್ಷ ಆದ ಮ್ಯಾಲ ಗೊತ್ತಾತೇನ್ರಿ?”

“ಹೌದವ್ವಾ. ನಿನ್ನ ಕೈಯಾಗ ಏನೂ ತಪ್ಪ ಇರಲಿಲ್ಲ.”

“ಬ್ಯಾಳಿ ನೀರಿನಿಂದ ಕುದೀಲಿಲ್ಲ, ಖರೆ ಇರಬೇಕು ಬಿಡ್ರಿ. ಆದರ ತಾಟಿಗೆ ಬಡಸೂವಾಗ ಎಲ್ಲಾರೂ ನನ್ನ ಮಾರಿ ನೋಡ್ತಿದ್ರಲ್ಲ, ಅದೂ ನೀರಿನಿಂದೇನ್ರಿ? ಒಬ್ಬರರೆ, ‘ಇರ್ಲಿ ಬಿಡವಾ, ನಾ ಒಮ್ಮೆ ಇಟ್ಟ ನೋಡ್ತೇನಿ’ ಅಂದಿದ್ರ ಆಗತಿತ್ತು.” ನೂಲು ಹರಿಯಿತು. ಗಂಟು ಹಾಕಿ ಮತ್ತೆ ಸುತ್ತತೊಡಗಿದಳು. “ಊಟ ಮಾಡೇ ಹೋಗ್ರಿ ಅಕ್ಕಾರ.”

ಊಟ ಮಾಡಿದೆ. ರೊಟ್ಟಿ, ಹೆಸರುಕಾಳಿನ ಪಲ್ಯ, ಬೇಳೆಯ ಸಾರು. ರುಚಿಯಾಗಿತ್ತು ಎಂದು ಹೇಳಲು ಹೋಗಿ ಸುಮ್ಮನಾದೆ. ಆ ಮನೆಯಲ್ಲಿ ಅದನ್ನು ಹೇಗೆ ಹೇಳಿದರೂ ಪರೀಕ್ಷೆಯ ಫಲಿತಾಂಶದ ಹಾಗೆ ಕೇಳಿಸುತ್ತಿತ್ತು.

ಇದನ್ನೆಲ್ಲ ಒಂದು ಅಧ್ಯಾಯವಾಗಿ ಬರೆದು ನನ್ನ ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಒಳ್ಳೆಯವರೇ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, “ಇದು ಕಥೆ ಆತು. ಒಂದು ಮನಿ ಹಿಡಕೊಂಡು ಏನೂ ಹೇಳಾಕ ಬರೂದಿಲ್ಲ. ನೀರು ನಮ್ಮ ವಿಷಯನೂ ಅಲ್ಲ,” ಎಂದರು. ಬೇರೆ ಮನೆಗಳಿಗೂ ಹೋಗಿ ಕೇಳಲೇ ಎಂದೆ. ಅವಧಿ ಮುಗಿಯುತ್ತ ಬಂದಿದೆ ಎಂದರು. ಸರ್ ತಮ್ಮ ಲೇಖನದಲ್ಲಿ ಅಡುಗೆಯ ಬಗ್ಗೆ ಎರಡು ಸಾಲು ಸೇರಿಸಿದ್ದರು, ಪತ್ರಿಕೆಯವರು ಅದನ್ನು ತೆಗೆಯಲು ಹೇಳಿದರು. ಇಬ್ಬರೂ ತೆಗೆದೆವು. ಜಗಳಾಡುವಷ್ಟು ಹುರುಪು ಇಬ್ಬರಲ್ಲೂ ಉಳಿದಿರಲಿಲ್ಲ. ನನ್ನ ಪ್ರಬಂಧದಲ್ಲಿ ಆ ಮನೆ ಆಸ್ತಿಯ ಕಾರಣಕ್ಕೂ ಸೇರದೆ, ‘ಇತರೆ’ ಎಂಬ ಕಡೆ ಹೋಗಿ ಕೂತಿತು.

ಪದವಿ ಬಂತು. ಶಾಲು ಹೊದಿಸಿದರು. ಸರ್ ನಿವೃತ್ತರಾಗಿ ಮುಧೋಳದಲ್ಲಿ ಮಗಳ ಮನೆ ಸೇರಿದರು. ಪ್ರಾಣಿಶಾಸ್ತ್ರದವರು ಈಗಲೂ ನಾಯಿಗಳ ಸುದ್ದಿ ಹೇಳುತ್ತಾರೆ. ಈಗ ನಾನು ಹ್ಞೂಂ ಅನ್ನುವುದಿಲ್ಲ, ಆ ನಾಯಿಗಳನ್ನು ಸಾಕಿದ ಮನೆಯವರು ಯಾರು, ಅವಕ್ಕೆ ಏನು ತಿನ್ನಿಸುತ್ತಾರೆ ಎಂದು ಕೇಳುತ್ತೇನೆ. ಅವರಿಗೆ ಅದು ಕಿರಿಕಿರಿ.

ಕಳೆದ ಬೇಸಿಗೆ ಬನಹಟ್ಟಿಯಿಂದ ಆ ಹಿರಿಯ ಸೊಸೆಯ ಫೋನು ಬಂತು. ಅತ್ತೆ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳಂತೆ.

“ಎರಡ ದಿನ ಇದ್ದ ಹೋದ್ರು ನೋಡ್ರಿ. ನನ್ನ ಮುಂದ ಆ ಸುದ್ದೀನಽ ತಗೀಲಿಲ್ಲ. ಆದರ ಓಣ್ಯಾಗ ಮನಿಮನಿಗೆ ಹೋಗಿ, ನಮ್ಮ ಊರ ನೀರಽ ಕೆಟ್ಟಿತ್ತು, ನನ್ನ ಸೊಸೀದು ಏನೂ ಇರಲಿಲ್ಲ ಅಂತ ಹೇಳ್ಯಾರಂತ. ಇಲ್ಲಿ ಮಂದಿಗೆ ಏನ್ ಗೊತ್ರಿ? ಯಾಕ ಹೇಳಾಕತ್ತಾಳ ಈ ಮುದುಕಿ ಅಂತ ನನ್ನಽ ಕೇಳಾಕತ್ತಾರ.”

“ನಿನಗ ಹ್ಯಾಂಗ ಅನಸ್ತು?” ಎಂದೆ. ಹಳೆಯ ಚಾಳಿ, ಪ್ರಶ್ನೆ ಕೇಳುವುದು.

ಲೂಮಿನ ಸಪ್ಪಳದ ಮೇಲೆ ಅವಳು ದನಿ ಎತ್ತಿದಳು. “ಬ್ಯಾಸರನೂ ಆತ್ರಿ. ಛಲೋನೂ ಅನಸ್ತು. ದೀಪಾವಳಿಗೆ ಬರ್ರಿ ಅಂತ ನಾನಽ ಹೇಳಿ ಕಳಿಸೇನಿ.”

ಫೋನು ಇಟ್ಟ ಮೇಲೆ ಮುಧೋಳಕ್ಕೆ ಫೋನು ಮಾಡಿ ಸರ್‌ಗೆ ಇಷ್ಟನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. “ಛಲೋ ಆತ್ರಿ ಮೇಡಂ,” ಎಂದರು. ಆಮೇಲೆ ತಮ್ಮ ಮೊಣಕಾಲಿನ ಸುದ್ದಿ ಹೇಳಿದರು, ನಾನು ಕೂತು ಕೇಳಿದೆ.