ಪಟ ಕೈಬಿಟ್ಟ ಗಳಿಗೆ

ಸುಧಾ, ನಿನ್ನ ಬೆರಳು ಮಂದವಾಗಿರಲಿಲ್ಲ. ನಾನು ಸುಳ್ಳು ಹೇಳಿದ್ದೆ.

ಇಷ್ಟು ಬರೆದು, ಒಲೆಯ ಮೇಲಿನ ಹಾಲು ನೋಡುವ ನೆಪದಲ್ಲಿ ಎದ್ದುಹೋಗಿದ್ದೆ—ಇನ್ನು ಏಳುವುದಿಲ್ಲ.

ನಾವು ವಾರಗಿತ್ತಿಯರಿಬ್ಬರೂ ಸೀರೆಗಳಿಗೆ ಕುಚ್ಚು ಕಟ್ಟಿ ಕೂಡಿಟ್ಟದ್ದರಲ್ಲಿ ಆ ಮಿರರ್‌ಲೆಸ್ ಕ್ಯಾಮೆರಾ ತಂದೆವು. ಅದರ ಜೊತೆ ಬಂದ ಹೊಸ ಲೆನ್ಸ್ ಒಂದು. ನನ್ನ ಅಣ್ಣನ ಹಳೆಯ ಕ್ಯಾಮೆರಾದ ಉದ್ದನೆಯ ಲೆನ್ಸ್ ಇನ್ನೊಂದು, ಅದನ್ನು ನಡುವೆ ಅಡಾಪ್ಟರ್ ಬಳೆ ಇಟ್ಟು ಕೂರಿಸಬೇಕಿತ್ತು. ಹುರುಳಿಕಾಯಿ ನಾರು ತೆಗೆಯುತ್ತಾ ನಾನು ಇಂಗ್ಲಿಷ್ ವಿಡಿಯೊ ನೋಡಿ ನಿನಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತದ್ದು ಈ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದಕ್ಕೇ. ಆದರೆ ಚಿತ್ರ ಒಲಿದದ್ದು ನಿನಗೆ. ಅತ್ತೆ ಮಗ್ಗದ ಪಕ್ಕ ಆಕಳಿಸುವುದನ್ನು ನೀನು ಹಿಡಿದಾಗ ಮನೆಯೆಲ್ಲ ನಕ್ಕಿತು, ಅತ್ತೆಯೂ. ನಾನು ತೆಗೆದದ್ದಕ್ಕೆ 'ಚೆನ್ನಾಗಿದೆ' ಎಂದರು, ಅಷ್ಟೇ.

ಆ ಆಷಾಢದಲ್ಲಿ ದೊಡ್ಡಬಳ್ಳಾಪುರದಾಚೆಯ ಬಯಲಿನಲ್ಲಿ ನಿಮ್ಮಪ್ಪ ತಾವೇ ಕಟ್ಟಿದ ದೊಡ್ಡ ಗಾಳಿಪಟ ಎತ್ತಿ ನಿಂತಿದ್ದರು. ದಾರ ನಿನ್ನ ಗಂಡನ ಕೈಯಲ್ಲಿ. ಅಪ್ಪನ ಕೈ ನಡುಗಲು ಶುರುವಾಗಿತ್ತು, ಇದೇ ಕೊನೆಯ ಪಟ ಎಂದಿದ್ದರು. ಅದು ಅವರ ಕೈಬಿಡುವ ಗಳಿಗೆ ನಿನಗೆ ಬೇಕಿತ್ತು. ಗುಂಡಿ ಒತ್ತಿ ಹಿಡಿದರೆ ಕ್ಯಾಮೆರಾ ಒಂದರ ಹಿಂದೊಂದು ತೆಗೆಯುತ್ತಲೇ ಇರುತ್ತದೆ ಎಂದು ಹೇಳಿಕೊಟ್ಟವಳು ನಾನೇ.

"ಅಕ್ಕಾ, ಹಳೇದು ದೂರದ್ದನ್ನ ಹತ್ರ ತರುತ್ತಲ್ಲ, ಅದನ್ನೇ ಹಾಕ್ಲಾ? ಸ್ಪೀಡಿಗೇನೂ ಆಗಲ್ವಾ?"

ಗೊತ್ತಿತ್ತು ನನಗೆ. ಆ ಹಳೆಯ ಲೆನ್ಸಿನ ಮೋಟಾರು ಪ್ರತಿ ಚಿತ್ರಕ್ಕೂ ಫೋಕಸ್ ಹುಡುಕಲು ತಡಮಾಡುತ್ತದೆ. ಅದಕ್ಕಾಗಿ ಕಾಯುತ್ತಾ ಕ್ಯಾಮೆರಾವೂ ನಿಧಾನವಾಗುತ್ತದೆ. ಹೊಸದನ್ನು ಹಾಕಿಕೊಂಡು ಸ್ವಲ್ಪ ಮುಂದಕ್ಕೆ ಹೋಗು ಎಂದಿದ್ದರೆ ಸಾಕಿತ್ತು.

"ಎರಡೂ ಒಂದೇ ಕಣೆ, ಹಾಕ್ಕೋ," ಎಂದೆ.

ಒಂದು ಚಿತ್ರದಲ್ಲಿ ಪಟ ಅಪ್ಪನ ಕೈಯಲ್ಲಿತ್ತು. ಮುಂದಿನದರಲ್ಲಿ ಬರಿಗೈ, ಮೇಲೆತ್ತಿದ ಮುಖ. ನಡುವೆ ಏನೂ ಇಲ್ಲ. ನೀನು ಹಿಂದೆ ಮುಂದೆ ಮಾಡಿ ಮಾಡಿ ನೋಡಿದೆ.

"ನನ್ ಬೆರಳೇ ಮಂದ ಬಿಡಿ ಅಕ್ಕಾ. ಕುಚ್ಚು ಕಟ್ಟಕ್ಕೇ ಸರಿ ಇದು," ಎಂದು ನೀನು ನಕ್ಕೆ.

ಆಗಲಾದರೂ ನಾನು— ನಿನ್ನ ಸೆರಗಿಗೆ ಹತ್ತಿದ್ದ ಹುಲ್ಲಿನ ಮುಳ್ಳು ಬಿಡಿಸುತ್ತಾ ಕೂತೆ.

ಮತ್ತೆ ನೀನು ಕ್ಯಾಮೆರಾ ಮುಟ್ಟಲಿಲ್ಲ. ನೀವಿಬ್ಬರೂ ನಂದಗುಡಿಗೆ ಮನೆ ಬದಲಿಸಿದಾಗಲೂ "ನೀವೇ ಇಟ್ಕೊಳ್ಳಿ" ಎಂದು ಹೊರಟೆ. ನಿಮ್ಮಪ್ಪ ಈಗ ಪಟ ಕಟ್ಟುವುದಿಲ್ಲ. ಆ ಗಳಿಗೆಯನ್ನು ನಿನಗೆ ಯಾವ ಲೆನ್ಸೂ ತಂದುಕೊಡಲಾರದು. ಸಂಜೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುವಾಗ ಯಾರದೋ ಪಟ ಏರುತ್ತದೆ. "ಅಕ್ಕಾ, ಬೇಗ ಬನ್ನಿ" ಎನ್ನುತ್ತಿದ್ದ ನಿನ್ನ ಕೂಗಿಗೆ ಕಿವಿಗೊಟ್ಟು, ಕ್ಲಿಪ್ಪುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಲ್ಲುತ್ತೇನೆ. ಬಟ್ಟೆ ತಣ್ಣಗಾಗುವವರೆಗೂ.

ಭಾನುವಾರ ಬರುತ್ತೇನೆ. ಇದನ್ನು ನಿನ್ನೆದುರು ಕೂತು, ನಾನೇ ಬಾಯಿಬಿಟ್ಟು ಹೇಳುತ್ತೇನೆ. ಕ್ಯಾಮೆರಾ ತರುತ್ತೇನೆ, ಹೊಸ ಲೆನ್ಸ್ ಹಾಕಿ. ಅದನ್ನು ಮುಟ್ಟುವುದು ಬಿಡುವುದು ನಿನ್ನಿಷ್ಟ. ನಾನು ಮಾತ್ರ ಅದನ್ನು ನಿನ್ನಲ್ಲೇ ಬಿಟ್ಟು, ಬರಿಗೈಯಲ್ಲಿ ವಾಪಸು ಬಸ್ಸು ಹತ್ತಬೇಕು.